ಅತಿಮಾನವನೂ ಎಳೆಯ ಓದುಗನೂ

ಜಗಲಿಯ ಅಂಚಿನಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನು ನಿಂತಿದ್ದಾನೆ. ಅವನ ಕೊರಳಿಗೆ ಕಟ್ಟಿದ ಹಳೆಯ ಟವಲು ಬೆನ್ನಿನ ಮೇಲೆ ಇಳಿಬಿದ್ದಿದೆ. ನೋಡುವವರಿಗೆ ಅದು ಟವಲು. ಅವನಿಗಾದರೋ ಅದು ಮುಗಿಲಿಗೆ ಹಾರುವ ವೀರನ ಮೇಲುವಸ್ತ್ರ. ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಅವನು ಜಿಗಿಯುತ್ತಾನೆ; ಅಂಗಳದ ಮಣ್ಣಿನಲ್ಲಿ ಬೀಳುತ್ತಾನೆ; ಮೊಣಕಾಲು ತರಚಿದ್ದರೂ ಎದ್ದು ಮತ್ತೆ ಜಗಲಿಯನ್ನೇರುತ್ತಾನೆ.

ಬಾಗಿಲ ಅಗುಳಿಯೂ ಕೈಗೆ ನಿಲುಕದ ವಯಸ್ಸು ಅದು. ಉಣ್ಣುವ ಹೊತ್ತು, ಮಲಗುವ ಹೊತ್ತು ಎಲ್ಲವನ್ನೂ ಹಿರಿಯರೇ ಗೊತ್ತುಮಾಡುತ್ತಾರೆ. ಅಂತಹ ಶಿಶುವಿಗೆ ಓಡುವ ಬಂಡಿಯನ್ನು ಒಂದೇ ಕೈಯಿಂದ ತಡೆಯಬಲ್ಲ ವೀರನು ಪ್ರಿಯನಾಗುವುದು ಸಹಜ. ಆದರೆ ಇಂತಹ ವೀರರ ಚಿತ್ರಪುಸ್ತಕಗಳನ್ನು ಎಳೆಯರ ಕೈಗೆ ಕೊಡಬಹುದೇ? ಕೊಟ್ಟರೆ ಅವರು ಅದರಿಂದ ಕಲಿಯುವುದು ಧೈರ್ಯವನ್ನೋ, ಹೊಡೆದಾಟವನ್ನೋ? ಈ ಪ್ರಶ್ನೆಯು ಆ ಪುಸ್ತಕಗಳಷ್ಟೇ ಹಳೆಯದು.

ಅತಿಮಾನವರ ಚಿತ್ರಕಥೆಗಳು ಬೆಳೆದುಬಂದುದು ಅಮೆರಿಕ ದೇಶದಲ್ಲಿ. ಒಹಾಯೊ ರಾಜ್ಯದ ಕ್ಲೀವ್‌ಲೆಂಡ್ ನಗರದ ಪ್ರೌಢಶಾಲೆಯೊಂದರಲ್ಲಿ ಜೆರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ಗೆಳೆಯರು ಓದುತ್ತಿದ್ದರು. ಇಬ್ಬರೂ ವಲಸೆ ಬಂದ ಯೆಹೂದಿ ಕುಟುಂಬಗಳ ಮಕ್ಕಳು. ಒಬ್ಬನು ಕಥೆ ಬರೆಯುವನು, ಮತ್ತೊಬ್ಬನು ಚಿತ್ರ ಬಿಡಿಸುವನು. ಅವರ ಕಲ್ಪನೆಯ ಕೂಸಾದ ಸೂಪರ್‌ಮ್ಯಾನ್ 1938ರಲ್ಲಿ ‘ಆಕ್ಷನ್ ಕಾಮಿಕ್ಸ್’ ಎಂಬ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಬೆಳಕು ಕಂಡನು. ಅವನ ಹಕ್ಕನ್ನು ಆ ಗೆಳೆಯರು ಕೇವಲ 130 ಡಾಲರುಗಳಿಗೆ ಮಾರಿದ್ದರು. ಆರ್ಥಿಕ ಮುಗ್ಗಟ್ಟಿನಿಂದ ಜನರು ತತ್ತರಿಸಿದ್ದ ಕಾಲವದು. ಆ ಮೊದಲ ಕಥೆಯಲ್ಲಿ ಸೂಪರ್‌ಮ್ಯಾನ್ ಮಾಡುವ ಕೆಲಸಗಳು ಗಮನಾರ್ಹವಾದವು: ಮಾಡದ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿದ್ದ ಹೆಂಗಸೊಬ್ಬಳನ್ನು ಅವನು ಉಳಿಸುತ್ತಾನೆ, ಹೆಂಡತಿಯನ್ನು ಹೊಡೆಯುತ್ತಿದ್ದವನ ಕೈ ಹಿಡಿಯುತ್ತಾನೆ. ದಿಕ್ಕಿಲ್ಲದವರಿಗೆ ದಿಕ್ಕಾಗುವುದೇ ಅವನ ಬಲದ ಉದ್ದೇಶವಾಗಿತ್ತು.

ಸೂಪರ್‌ಮ್ಯಾನ್‌ನ ಹಿಂದೆಯೇ ಬ್ಯಾಟ್‌ಮನ್, ವಂಡರ್ ವುಮನ್ ಮೊದಲಾದವರು ಬಂದರು. ಅಗ್ಗದ ಚಿತ್ರಕಥೆಗಳು ಮನೆಮನೆಗೆ ನುಗ್ಗಿದವು. ಅವುಗಳಲ್ಲಿ ಕೊಲೆ, ಸುಲಿಗೆ, ಭೀಕರ ಪ್ರಸಂಗಗಳನ್ನೇ ಬಣ್ಣಿಸುವ ಪುಸ್ತಕಗಳೂ ಸೇರಿದ್ದವು. ಹಿರಿಯರು ಕಳವಳಗೊಂಡರು. 1948ರಲ್ಲಿ ಅಮೆರಿಕದ ಕೆಲವು ಊರುಗಳಲ್ಲಿ ಮಕ್ಕಳಿಂದಲೇ ಚಿತ್ರಕಥೆಗಳನ್ನು ರಾಶಿಹಾಕಿಸಿ ಬೆಂಕಿಯಿಡಲಾಯಿತು. 1954ರಲ್ಲಿ ಮನೋವೈದ್ಯರಾದ ಫ್ರೆಡ್ರಿಕ್ ವರ್ಥಮ್ ಅವರು, ಚಿತ್ರಕಥೆಗಳೇ ಮಕ್ಕಳನ್ನು ಅಪರಾಧದ ಹಾದಿಗೆ ಎಳೆಯುತ್ತಿವೆಯೆಂದು ಗ್ರಂಥವೊಂದನ್ನು ಬರೆದರು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಒಂದು ನೀತಿಸಂಹಿತೆಯನ್ನು ವಿಧಿಸಿಕೊಂಡರು. ಕಾಲಕ್ರಮದಲ್ಲಿ ಸಡಿಲಗೊಂಡ ಆ ಸಂಹಿತೆಯು 2011ರಲ್ಲಿ ಸಂಪೂರ್ಣವಾಗಿ ಕೊನೆಗೊಂಡಿತು. ಮರುವರ್ಷ ಕ್ಯಾರೊಲ್ ಟಿಲಿ ಎಂಬ ವಿದ್ವಾಂಸೆಯು ವರ್ಥಮ್ ಅವರ ಟಿಪ್ಪಣಿಗಳನ್ನು ಪರಿಶೀಲಿಸಿ, ಅವರು ತಮ್ಮ ವಾದಕ್ಕೆ ಒಪ್ಪುವಂತೆ ಮಕ್ಕಳ ಹೇಳಿಕೆಗಳನ್ನು ತಿದ್ದಿದ್ದರೆಂದು ತೋರಿಸಿಕೊಟ್ಟರು. ಸದುದ್ದೇಶವಿದ್ದ ಮಾತ್ರಕ್ಕೆ ಸತ್ಯವನ್ನು ಬಾಗಿಸಲಾಗದು.

ಹಾಗೆಂದ ಮಾತ್ರಕ್ಕೆ ಹಿರಿಯರ ಕಳವಳವೆಲ್ಲ ಹುಸಿಯೆನ್ನುವಂತಿಲ್ಲ. 2017ರಲ್ಲಿ ಸಾರಾ ಕೊಯ್ನ್ ಮತ್ತು ಸಹೋದ್ಯೋಗಿಗಳ ಸಂಶೋಧನೆಯೊಂದು ಪ್ರಕಟವಾಯಿತು. ಅವರು ಇನ್ನೂ ಶಾಲೆಗೆ ಸೇರದ 240 ಮಕ್ಕಳ ತಂದೆತಾಯಿಗಳಿಂದ ಮಾಹಿತಿ ಸಂಗ್ರಹಿಸಿದ್ದರು. ಅತಿಮಾನವರ ಕಥೆಗಳಲ್ಲಿ ಹೆಚ್ಚು ಮುಳುಗಿದ್ದ ಮಕ್ಕಳು ಒಂದು ವರ್ಷದ ತರುವಾಯ ಹೆಚ್ಚು ಜಗಳಗಂಟರಾಗಿ ಕಂಡುಬಂದರು. ಅದಕ್ಕಿಂತಲೂ ಚಿಂತಿಸತಕ್ಕ ವಿಷಯವೆಂದರೆ, ಪೆಟ್ಟು ತಿನ್ನುತ್ತಿರುವ ಜೊತೆಗಾರನ ರಕ್ಷಣೆಗೆ ಧಾವಿಸುವುದರಲ್ಲಿ ಅವರು ಇತರರಿಗಿಂತ ಮುಂದಿರಲಿಲ್ಲ. ವೀರನ ಮುಷ್ಟಿ ಅವರಿಗೆ ಸಂದಿತ್ತು. ಅವನ ಮರುಕ ಸಂದಿರಲಿಲ್ಲ.

ಇದಕ್ಕೆ ಕಾರಣವೇನು? ಚಿತ್ರಪುಸ್ತಕದ ಒಂದು ಪುಟವನ್ನು ತೆರೆದು ನೋಡಿದರೆ ಅದು ಹೊಳೆಯುತ್ತದೆ. ವೀರನ ಏಟು ಪುಟದ ತುಂಬ ಕಣ್ಣು ಕೋರೈಸುವ ಬಣ್ಣದಲ್ಲಿರುತ್ತದೆ. ಅವನು ಏಕೆ ಹೊಡೆದನು, ಹೊಡೆಯುವ ಮುನ್ನ ಎಷ್ಟು ತಾಳಿಕೊಂಡನು ಎಂಬುದು ಹಿಂದಿನ ನಾಲ್ಕು ಪುಟಗಳಲ್ಲಿ, ಸಣ್ಣ ಅಕ್ಷರಗಳಲ್ಲಿ ಚದುರಿರುತ್ತದೆ. ಅಕ್ಷರವರಿಯದ ಮಗು ಓದುವುದು ಚಿತ್ರವನ್ನು. ಹಿಂದಣ ಕಾರಣವನ್ನೂ ಮುಂದಣ ಪರಿಣಾಮವನ್ನೂ ಒಂದೇ ಎಳೆಯಲ್ಲಿ ಪೋಣಿಸುವ ಶಕ್ತಿ ಅದಕ್ಕೆ ಇನ್ನೂ ಬಂದಿರುವುದಿಲ್ಲ. ಪೋಣಿಸುವ ಕೈ ಪಕ್ಕದಲ್ಲಿ ಕುಳಿತವರದಾಗಬೇಕು.

ಹಾಗೆ ಕುಳಿತವರು ಏನು ಮಾಡಬೇಕು? ಉಪದೇಶವನ್ನಂತೂ ಅಲ್ಲ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು-ಮೂರು ವರ್ಷದ ಮಕ್ಕಳ ಓದನ್ನು ಪರೀಕ್ಷಿಸಿದರು. ಕೆಲವು ತಂದೆತಾಯಿಗಳು ಎಂದಿನಂತೆ ಓದಿ ಹೇಳಿದರು. ಮತ್ತೆ ಕೆಲವರು ನಡುನಡುವೆ ನಿಲ್ಲಿಸಿ, ಒಂದೇ ಪದದಲ್ಲಿ ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳಿದರು. ಮಗುವಿನ ಉತ್ತರಕ್ಕೆ ಒಂದೆರಡು ಮಾತು ಸೇರಿಸಿ ಬೆಳೆಸಿದರು. ಒಂದೇ ತಿಂಗಳಲ್ಲಿ ಎರಡನೆಯ ಗುಂಪಿನ ಮಕ್ಕಳು ಮಾತುಗಾರಿಕೆಯಲ್ಲಿ ಮುಂದೆ ಹೋಗಿದ್ದರು. ಪುಸ್ತಕದ ಕಥೆಯನ್ನು ಕೇಳುವವನು ತಾನೇ ಕಥೆ ಹೇಳುವವನಾಗುವುದು ಈ ವಿಧಾನದ ಗುಟ್ಟು.

ಬಾಬ್ ಗ್ರಹಾಮ್ ಎಂಬ ಆಸ್ಟ್ರೇಲಿಯದ ಲೇಖಕ-ಚಿತ್ರಕಾರರು 2000ದಲ್ಲಿ ಪ್ರಕಟಿಸಿದ ‘ಮ್ಯಾಕ್ಸ್’ ಎಂಬ ಪುಸ್ತಕವು ಇಂತಹ ಓದಿಗೆ ಹೇಳಿಮಾಡಿಸಿದಂತಿದೆ. ಮ್ಯಾಕ್ಸನ ತಂದೆತಾಯಿಗಳಿಬ್ಬರೂ ಹಾರಬಲ್ಲ ಅತಿಮಾನವರು. ಮ್ಯಾಕ್ಸನಿಗೆ ಮಾತ್ರ ಹಾರಲು ಬಾರದು. ಮುಖವಾಡ, ಮೇಲುವಸ್ತ್ರ ಧರಿಸಿದ್ದರೂ ಹಾರದ ಅವನನ್ನು ಶಾಲೆಯ ಮಕ್ಕಳು ಪ್ರಶ್ನಿಸುತ್ತಾರೆ. ಒಂದು ದಿನ ಹಕ್ಕಿಯ ಮರಿಯೊಂದು ಗೂಡಿನಿಂದ ಜಾರಿ ಬೀಳುತ್ತದೆ. ಅದನ್ನು ಹಿಡಿಯಲು ಧಾವಿಸಿದ ಮ್ಯಾಕ್ಸ್ ತನಗರಿವಿಲ್ಲದೆಯೇ ಹಾರಿಬಿಡುತ್ತಾನೆ. ಅವನ ಶಕ್ತಿಯನ್ನು ಎಚ್ಚರಿಸಿದ್ದು ವೈರಿಯ ಮೇಲಣ ಸಿಟ್ಟಲ್ಲ, ಮರಿಯ ಮೇಲಣ ಕನಿಕರ.

ಈ ಕಥೆಯನ್ನು ಅಕ್ಕನೊಬ್ಬಳು ತಮ್ಮನಿಗೆ ಓದಿಹೇಳುತ್ತಿರುವಳೆಂದು ಊಹಿಸಬಹುದು. ಹಕ್ಕಿಮರಿ ಬೀಳುವ ಪುಟದಲ್ಲಿ ಅವಳು ಪುಸ್ತಕವನ್ನು ಅರೆಮುಚ್ಚುತ್ತಾಳೆ.

“ಈಗ ಅವನು ಏನು ಮಾಡಬೇಕು?”

“ಹಾರಬೇಕು.”

“ಅವನಿಗೆ ಹಾರೋದಕ್ಕೆ ಬರೋದಿಲ್ಲವಲ್ಲ?”

ತಮ್ಮ ಸ್ವಲ್ಪ ಹೊತ್ತು ಸುಮ್ಮನಿರುತ್ತಾನೆ. “ಹಾಗಾದರೆ ಓಡಿಹೋಗಿ ಕೆಳಗೆ ಟವಲು ಹಿಡೀಬೇಕು ಅಕ್ಕಾ” ಎನ್ನುತ್ತಾನೆ.

ಪುಸ್ತಕದಲ್ಲಿ ಇಲ್ಲದ ಈ ಉತ್ತರ ಪುಸ್ತಕದಷ್ಟೇ ಬೆಲೆಯುಳ್ಳದ್ದು. ಹಾರುವ ಶಕ್ತಿಯಿಲ್ಲದೆಯೂ ನೆರವಾಗಬಹುದೆಂಬುದನ್ನು ಆ ಮಗು ತಾನಾಗಿಯೇ ಕಂಡುಕೊಂಡಿತು. ಕೊರಳಿನ ಟವಲು ಈಗ ಇನ್ನೊಂದು ಜೀವಕ್ಕೆ ಆಸರೆಯಾಗುವ ಬಟ್ಟೆಯಾಯಿತು.

ಒಂದು ಪ್ರಶ್ನೆಯಿಂದ ಇಷ್ಟೆಲ್ಲ ಆದೀತೇ ಎಂದು ಸಂಶಯಪಡುವವರು 2017ರಲ್ಲೇ ಪ್ರಕಟವಾದ ಮತ್ತೊಂದು ಪ್ರಯೋಗವನ್ನು ಗಮನಿಸಬಹುದು. ರೇಚೆಲ್ ವೈಟ್ ಮತ್ತು ಸಂಗಡಿಗರು ನಾಲ್ಕು ಹಾಗೂ ಆರು ವರ್ಷದ 180 ಮಕ್ಕಳಿಗೆ ಹತ್ತು ನಿಮಿಷಗಳ ಬೇಸರದ ಕೆಲಸವೊಂದನ್ನು ಕೊಟ್ಟರು. ಬೇಕಾದಾಗ ಅದನ್ನು ಬಿಟ್ಟು ಪಕ್ಕದಲ್ಲಿದ್ದ ಆಟವಾಡಲು ಅನುಮತಿಯಿತ್ತು. ಬ್ಯಾಟ್‌ಮನ್ ಮುಂತಾದ ಮೆಚ್ಚಿನ ಪಾತ್ರದ ವೇಷ ತೊಟ್ಟು, ಆ ಪಾತ್ರವು ಶ್ರಮಪಟ್ಟು ದುಡಿಯುತ್ತಿದೆಯೇ ಎಂದು ತಮ್ಮನ್ನು ತಾವು ಕೇಳಿಕೊಂಡ ಮಕ್ಕಳು ಉಳಿದೆಲ್ಲರಿಗಿಂತ ಹೆಚ್ಚು ಹೊತ್ತು ಕೆಲಸದಲ್ಲಿ ನಿಂತರು. ಜಗಳ ಕಲಿಸಬಲ್ಲ ವೀರನೇ ಇಲ್ಲಿ ತಾಳ್ಮೆಯನ್ನು ಕಲಿಸಿದನು. ಹಿರಿಯರು ಮಗುವಿನ ಬಾಯಲ್ಲಿಟ್ಟ ಪ್ರಶ್ನೆಯೇ ಈ ವ್ಯತ್ಯಾಸಕ್ಕೆ ಒತ್ತಾಸೆಯಾಗಿತ್ತು.

ಬಲಶಾಲಿಗಳ ಕಥೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಸಂಪಾದಕರಾಗಿ ಪುರಾಣದ ವೀರರನ್ನು ‘ಅಮರ ಚಿತ್ರಕಥೆ’ಯ ಪುಟಗಳಿಗೆ ತರುವುದಕ್ಕೂ ಬಹಳ ಮೊದಲೇ ಭೀಮ ಹನುಮಂತರು ಅಜ್ಜಿಯರ ಬಾಯಲ್ಲಿ ಬದುಕಿದ್ದರು. ಆ ಕಥೆಗಳನ್ನು ಮಗು ಒಂಟಿಯಾಗಿ ಕೇಳುತ್ತಿರಲಿಲ್ಲ. ಅಜ್ಜಿಯ ಮಡಿಲಲ್ಲಿ, ಹೂಂಗುಟ್ಟುತ್ತ, ನಡುವೆ ಪ್ರಶ್ನೆ ಕೇಳುತ್ತ ಕೇಳುತ್ತಿತ್ತು. ಕಡಲ ತೀರದಲ್ಲಿ ತನ್ನ ಬಲವನ್ನೇ ಅರಿಯದೆ ಕುಳಿತಿದ್ದ ಹನುಮಂತನಿಗೆ ಆ ಬಲವನ್ನೂ ಅದನ್ನು ಬಳಸಬೇಕಾದ ಕಾರ್ಯವನ್ನೂ ನೆನಪಿಸಿದವನು ಮುದುಕನಾದ ಜಾಂಬವಂತ. ಜಾಂಬವಂತನು ತಾನು ಕಡಲನ್ನು ಹಾರಲಿಲ್ಲ. ಹಾರಬೇಕಾದವನ ಪಕ್ಕದಲ್ಲಿದ್ದು ಮಾತನಾಡಿದನು.

ಚಿತ್ರಪುಸ್ತಕವನ್ನು ಕಸಿದುಕೊಳ್ಳುವುದು ಸುಲಭ. ಕೈಗಿತ್ತು ತಮ್ಮ ಕೆಲಸಕ್ಕೆ ತಾವು ಹೋಗುವುದು ಇನ್ನೂ ಸುಲಭ. ಪಕ್ಕದಲ್ಲಿ ಕುಳಿತು ಪುಟಪುಟವಾಗಿ ಜೊತೆಗೆ ಓದುವುದಕ್ಕೆ ಮಾತ್ರ ಸಮಯವೂ ಸಹನೆಯೂ ಬೇಕು. ಆ ಕೆಲಸಕ್ಕೆ ಮುದುಕರೇ ಆಗಬೇಕೆಂದಿಲ್ಲ. ಅಕ್ಷರ ಕಲಿತ ಅಕ್ಕನೋ ಅಣ್ಣನೋ ಇರುವ ಮನೆಯಲ್ಲಿ ಜಾಂಬವಂತನಿಗೆ ಕೊರತೆಯಿಲ್ಲ.

ಶಬ್ದಾರ್ಥ

ಅಗುಳಿ – ಬಾಗಿಲು ಭದ್ರಪಡಿಸುವ ಚಿಲಕ
ಮುಗ್ಗಟ್ಟು – ಅಭಾವ, ಕಷ್ಟಕಾಲ
ಸಂಹಿತೆ – ನಿಯಮಗಳ ಕಟ್ಟು
ಕೋರೈಸು – ಕಣ್ಣು ಕುಕ್ಕುವಂತೆ ಹೊಳೆ
ಒತ್ತಾಸೆ – ಬೆಂಬಲ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಸೂಪರ್‌ಮ್ಯಾನ್ ಪಾತ್ರವನ್ನು ಸೃಷ್ಟಿಸಿದವರು ಯಾರು?
2. ಮ್ಯಾಕ್ಸನ ಶಕ್ತಿಯನ್ನು ಎಚ್ಚರಿಸಿದ ಭಾವ ಯಾವುದು?

ಆ) ಮೂರು-ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಎಳೆಯ ಮಗುವಿಗೆ ವೀರನ ಏಟು ಮಾತ್ರ ಕಾಣಿಸಿ, ಅದರ ಕಾರಣ ಕಾಣಿಸದಿರುವುದೇಕೆ?
2. ಕೊರಳಿನ ಟವಲು ‘ಆಸರೆಯಾಗುವ ಬಟ್ಟೆ’ಯಾದುದು ಹೇಗೆ?

ಇ) ಸಂದರ್ಭ ಸಹಿತ ವಿವರಿಸಿರಿ.
“ವೀರನ ಮುಷ್ಟಿ ಅವರಿಗೆ ಸಂದಿತ್ತು, ಅವನ ಮರುಕ ಸಂದಿರಲಿಲ್ಲ.”

ಈ) ಮನೆಯ ಅಥವಾ ನೆರೆಯ ಮಗುವಿಗೆ ಒಂದು ಚಿತ್ರಕಥೆಯನ್ನು ಓದಿಹೇಳಿ, ಅದು ಕೊಟ್ಟ ಉತ್ತರಗಳನ್ನು ಬರೆದು ತರಗತಿಯಲ್ಲಿ ಓದಿರಿ.