ನಾಯಕತ್ವ ಹುಟ್ಟಿನಿಂದ ಬರುವುದೇ?



"ಅವಳಿಗೆ ಮೊದಲಿಂದ್ಲೂ ಧೈರ್ಯ ಜಾಸ್ತಿ, ಅವಳೇ ಪ್ರತಿನಿಧಿ ಆಗ್ಲಿ. ನಮ್ಮ ಕೈಲಿ ಎಲ್ಲಿ ಆಗುತ್ತೆ?" ಈ ಮಾತು ಸಂಘದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ನಾಯಕತ್ವ ಹುಟ್ಟಿನಿಂದ ಬರುವುದಲ್ಲ. ಹೊಲಿಗೆ ಕಲಿತ ಹಾಗೆ ಅದನ್ನೂ ಮಾಡಿ ಮಾಡಿಯೇ ಕಲಿಯಬೇಕು. ದೊಡ್ಡ ಕಂಪನಿಗಳೂ ತಮ್ಮ ಹೊಸ ನೌಕರರಿಗೆ ಹೀಗೇ ಕಲಿಸುತ್ತವೆ. ಒಂದು ಉದಾಹರಣೆ ನೋಡೋಣ.

ಲೈಫ್‌ಬಾಯ್ ಸೋಪು, ಸರ್ಫ್ ಪುಡಿ ನಮಗೆಲ್ಲ ಗೊತ್ತು. ಇವುಗಳನ್ನು ತಯಾರಿಸುವುದು ಹಿಂದೂಸ್ತಾನ್ ಯೂನಿಲಿವರ್ ಕಂಪನಿ. 2007ಕ್ಕೆ ಮೊದಲು ಅದರ ಹೆಸರು ಹಿಂದೂಸ್ತಾನ್ ಲಿವರ್. ಉತ್ತರ ಪ್ರದೇಶದ ಏಟಾದಲ್ಲಿ ಈ ಕಂಪನಿಯ ಹಾಲಿನ ಕಾರ್ಖಾನೆ ಇತ್ತು. 1970ರ ದಶಕದಲ್ಲಿ ಸಾಕಷ್ಟು ಹಾಲು ಸಿಗದೆ ಅದು ನಷ್ಟಕ್ಕೆ ಬಿತ್ತು. ರೈತರ ಸ್ಥಿತಿ ಸುಧಾರಿಸದೆ ಹಾಲು ಹೆಚ್ಚುವುದಿಲ್ಲ ಎಂದು ಕಂಪನಿಗೆ ಮನವರಿಕೆಯಾಯಿತು. 1976ರಲ್ಲಿ ಅಲ್ಲಿ ಗ್ರಾಮಾಭಿವೃದ್ಧಿ ಕಾರ್ಯಕ್ರಮ ಶುರುವಾಯಿತು.

ಮುಂದೆ, ಅಧಿಕಾರಿಗಳಾಗಲು ಹೊಸದಾಗಿ ಸೇರಿದವರ ತರಬೇತಿಯಲ್ಲಿ ಹಳ್ಳಿವಾಸವೂ ಸೇರಿತು. ದೊಡ್ಡ ಕಾಲೇಜುಗಳಲ್ಲಿ ಓದಿ ಬಂದ ಯುವಜನರು ಕೆಲವು ವಾರ ಹಳ್ಳಿಯಲ್ಲೇ ಉಳಿಯಬೇಕಿತ್ತು. ಅಲ್ಲಿ ಅವರ ಡಿಗ್ರಿಗೆ ಯಾರೂ ತಲೆಬಾಗುವುದಿಲ್ಲ. ಆದೇಶ ಕೊಟ್ಟರೆ ಕೇಳುವವರಿಲ್ಲ. ಜನರ ಜೊತೆ ಕೂತು ಮಾತಾಡಿ, ನಂಬಿಕೆ ಗಳಿಸಿಯೇ ಕೆಲಸ ಮಾಡಿಸಬೇಕು. ಆಮೇಲೆ ಮಾರಾಟ, ಕಾರ್ಖಾನೆ ಹೀಗೆ ಬೇರೆ ಬೇರೆ ವಿಭಾಗಗಳಲ್ಲಿ ಕಲಿಕೆ. ಈ ಕಂಪನಿಯಲ್ಲಿ ಪಳಗಿದ ಎಷ್ಟೋ ಮಂದಿ ಮುಂದೆ ಬೇರೆ ಕಂಪನಿಗಳ ಮುಖ್ಯಸ್ಥರೂ ಆದರು.

ಇದರಿಂದ ನಾವು ಕಲಿಯಬೇಕಾದದ್ದು:

1. ನಾಯಕಿಯಾಗುವವಳು ಮೊದಲು ಕೇಳಿಸಿಕೊಳ್ಳಲು ಕಲಿಯಬೇಕು, ಮಾತಾಡುವುದು ಆಮೇಲೆ.
2. ಬರೀ ಉಪದೇಶ ಸಾಲದು. ಹೊಸಬರ ಕೈಗೆ ನಿಜವಾದ ಕೆಲಸ ಕೊಡಬೇಕು.
3. ಒಂದೇ ಕೆಲಸ ಗೊತ್ತಿದ್ದರೆ ಸಾಲದು. ಎಲ್ಲ ಕೆಲಸದ ಪರಿಚಯ ಇರಬೇಕು.

ಈಗ ನಮ್ಮ ಸಂಘಕ್ಕೆ ಬರೋಣ. ಲೆಕ್ಕ ಬರೆಯುವವಳು, ಬ್ಯಾಂಕಿಗೆ ಹೋಗುವವಳು, ಸಭೆಯಲ್ಲಿ ಮಾತಾಡುವವಳು ಎಲ್ಲ ಒಬ್ಬಳೇ ಆದರೆ ಏನಾಗುತ್ತೆ? ಅವಳಿಗೆ ಕಾಯಿಲೆ ಬಂದರೆ, ಬೇರೆ ಊರಿಗೆ ಹೋದರೆ ಸಂಘವೇ ನಿಂತುಹೋಗುತ್ತೆ. ವರ್ಷಗಟ್ಟಲೆ ಕೂಡಿಟ್ಟ ಉಳಿತಾಯದ ಲೆಕ್ಕ ಕೇಳಿದರೆ ಹೇಳುವವರೇ ಇರುವುದಿಲ್ಲ. ಲೆಕ್ಕ ಒಬ್ಬಳಿಗೇ ಗೊತ್ತಿದ್ದರೆ ಅನುಮಾನವೂ ಬೇಗ ಹುಟ್ಟುತ್ತೆ, ಜಗಳವೂ ಆಗುತ್ತೆ. ಪ್ರತಿನಿಧಿಯ ಹೆಸರು ಮಾತ್ರ ಬದಲಾಗಿ ಕೆಲಸ ಹಳಬರ ಕೈಯಲ್ಲೇ ಉಳಿದರೆ ಪ್ರಯೋಜನವಿಲ್ಲ.

ಹೀಗೆ ಮಾಡಿ ನೋಡಿ. ಸಭೆ ನಡೆಸುವ ಕೆಲಸವನ್ನು ಸರದಿಯಂತೆ ಹಂಚಿ. ಬ್ಯಾಂಕಿಗೆ ಹೋಗುವಾಗ ಪ್ರತಿ ಸಲ ಒಬ್ಬ ಹೊಸ ಸದಸ್ಯೆಯನ್ನು ಕರೆದುಕೊಂಡು ಹೋಗಿ, ಚಲನ್ ಅವಳ ಕೈಯಲ್ಲೇ ತುಂಬಿಸಿ. ಓದು ಬರಹ ಬಾರದವರೂ ಸಾಲ ಮರುಪಾವತಿ ವಿಚಾರಿಸುವ ಜವಾಬ್ದಾರಿ ಹೊರಬಹುದು. ಹೊಸಬಳ ಲೆಕ್ಕ ತಪ್ಪಿದರೆ ಪುಸ್ತಕ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂತು ತಿದ್ದಿಸಿ. ಒಂದೆರಡು ಸಲ ನಿಧಾನವಾದರೂ ಮೂರನೇ ಸಲ ಅವಳೇ ಮಾಡ್ತಾಳೆ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಪ್ರತಿನಿಧಿ ಒಂದು ತಿಂಗಳು ಊರಲ್ಲಿ ಇಲ್ಲದಿದ್ದರೆ ಸಂಘ ನಡೆಯುತ್ತದೆಯೇ?
2. ಇದುವರೆಗೆ ಸಭೆಯಲ್ಲಿ ಬಾಯಿಬಿಡದ ಸದಸ್ಯೆಯರು ಯಾರು? ಯಾಕೆ?
3. ಮುಂದಿನ ಸಭೆಗೆ ಯಾರಿಗೆ ಯಾವ ಹೊಸ ಜವಾಬ್ದಾರಿ ಕೊಡೋಣ? ತೀರ್ಮಾನಿಸಿ ನಡವಳಿ ಪುಸ್ತಕದಲ್ಲಿ ಬರೆಯಿರಿ.