ಯಂತ್ರಾನುವಾದ ಮತ್ತು ಅನುವಾದಕನ ಹೊಣೆ

ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಹೊರನಾಡಿನಲ್ಲಿ ನೆಲೆಸುವ ವಿದ್ಯಾರ್ಥಿಗೆ ಅಧ್ಯಾಪನವನ್ನು ಬಿಟ್ಟರೆ ಒದಗಿಬರುವ ಉದ್ಯೋಗಗಳಲ್ಲಿ ಅನುವಾದವೂ ಒಂದು. ಮುಂಬಯಿಯಂತಹ ನಗರದಲ್ಲಿ ಜಾಹೀರಾತು, ಡಬ್ಬಿಂಗ್, ಬ್ಯಾಂಕುಗಳ ಗ್ರಾಹಕಪತ್ರ ಮೊದಲಾದ ಕೆಲಸಗಳು ಕನ್ನಡ ಬಲ್ಲವರನ್ನು ಬೇಡುತ್ತ ಬಂದಿವೆ. ಕೃತಕ ಬುದ್ಧಿಮತ್ತೆಯು ಈ ಕ್ಷೇತ್ರವನ್ನು ಪ್ರವೇಶಿಸಿದ ಮೇಲೆ ಅನುವಾದಕನ ದುಡಿಮೆ ಯಾವ ರೂಪವನ್ನು ತಾಳಿದೆ, ಅದರಲ್ಲಿ ಕನ್ನಡ ವ್ಯಾಕರಣದ ಅಧ್ಯಯನಕ್ಕೆ ಯಾವ ಸ್ಥಾನವಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಂತ್ರಾನುವಾದ ಕನ್ನಡಕ್ಕೆ ತೀರ ಹೊಸದಲ್ಲ. ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಗಿ ಹೈದರಾಬಾದಿನಲ್ಲಿ ಮುಂದುವರಿದ ‘ಅನುಸಾರಕ’ ಯೋಜನೆಯು ಪಾಣಿನೀಯ ವ್ಯಾಕರಣದ ತತ್ತ್ವಗಳನ್ನು ಆಧರಿಸಿ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಂದ ಹಿಂದಿಗೆ ಅರ್ಥವನ್ನು ಸಾಗಿಸಲು ಯತ್ನಿಸಿತ್ತು. ಅಲ್ಲಿ ಯಂತ್ರಕ್ಕೆ ಪ್ರಕೃತಿ, ಪ್ರತ್ಯಯ, ಕಾರಕಗಳನ್ನು ವಿದ್ವಾಂಸರೇ ವಿವರಿಸಿ ಕೊಡಬೇಕಾಗಿತ್ತು. ಅನಂತರ ಬಂದ ಮಾರ್ಗ ಬೇರೆ. 2011ರಲ್ಲಿ ಗೂಗಲ್‌ನ ಅನುವಾದ ಸೌಲಭ್ಯಕ್ಕೆ ಕನ್ನಡ ಸೇರಿತು. 2017ರಲ್ಲಿ ಅದು ನರಜಾಲ ಪದ್ಧತಿಗೆ ಬದಲಾಯಿತು. ಈ ಪದ್ಧತಿಯಲ್ಲಿ ಯಂತ್ರಕ್ಕೆ ಯಾರೂ ವ್ಯಾಕರಣವನ್ನು ಹೇಳಿಕೊಡುವುದಿಲ್ಲ. ಮನುಷ್ಯರು ಹಿಂದೆ ಮಾಡಿಟ್ಟ ಅನುವಾದಗಳ ಅಪಾರ ರಾಶಿಯಿಂದ, ಯಾವ ಪದದ ಬಳಿಕ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಅದು ತಾನೇ ಲೆಕ್ಕಹಾಕಿಕೊಳ್ಳುತ್ತದೆ. ಆದ್ದರಿಂದ ಯಂತ್ರದ ಜಾಣ್ಮೆಯ ಹಿಂದೆ ಹೆಸರಿಲ್ಲದ ಅಸಂಖ್ಯ ಅನುವಾದಕರ ಶ್ರಮವಿದೆ ಎಂಬುದನ್ನು ಮರೆಯಲಾಗದು.

ಈ ಮಾರ್ಗದ ಮಿತಿಯನ್ನು ಒಂದು ಘಟನೆ ಸ್ಪಷ್ಟಪಡಿಸುತ್ತದೆ. ಹಿರಿಯ ನಟಿ ಬಿ. ಸರೋಜಾದೇವಿಯವರು 2025ರ ಜುಲೈ 14ರಂದು ನಿಧನರಾದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅವರ ಅಂತಿಮ ದರ್ಶನ ಪಡೆದ ಸುದ್ದಿ ಫೇಸ್‌ಬುಕ್‌ನಲ್ಲಿ ಕನ್ನಡದಲ್ಲಿ ಪ್ರಕಟವಾಯಿತು. ಅದರ ಸ್ವಯಂಚಾಲಿತ ಇಂಗ್ಲಿಷ್ ರೂಪದಲ್ಲಿ ಮುಖ್ಯಮಂತ್ರಿಗಳೇ ನಿಧನರಾದರೆಂಬ ಅರ್ಥ ಬಂದಿತು. ಅವರ ಕಚೇರಿಯಿಂದ ಆಕ್ಷೇಪಣೆ ಹೋದ ಬಳಿಕ ಮೆಟಾ ಸಂಸ್ಥೆಯು ಕ್ಷಮೆ ಕೋರಿ ದೋಷವನ್ನು ಸರಿಪಡಿಸಿತು.

ಇಂತಹ ತಪ್ಪು ಹೇಗೆ ಸಂಭವಿಸುತ್ತದೆ? ಒಂದು ಸರಳ ವಾಕ್ಯವನ್ನು ಗಮನಿಸಬಹುದು: ‘ಮಾಸ್ತರರು ನಿನ್ನೆ ಆಸ್ಪತ್ರೆಗೆ ಸೇರಿದ ನೆರೆಮನೆಯ ಅಜ್ಜಿಯನ್ನು ನೋಡಿ ಬಂದರು.’ ಆಸ್ಪತ್ರೆಗೆ ಸೇರಿದವರು ಅಜ್ಜಿ ಎಂಬುದರಲ್ಲಿ ಕನ್ನಡಿಗನಿಗೆ ಸಂದೇಹವಿಲ್ಲ. ‘ಸೇರಿದ’ ಎಂಬುದು ಇಲ್ಲಿ ಕೃದಂತ. ಅದು ಮುಂದಿನ ನಾಮಪದಕ್ಕೆ ವಿಶೇಷಣವಾಗಿ ನಿಲ್ಲುತ್ತದೆ. ವಾಕ್ಯದ ಕರ್ತೃಪದ ಮೊದಲಲ್ಲಿದ್ದು, ಅದರ ಕ್ರಿಯಾಪದವಾದ ‘ಬಂದರು’ ಕೊನೆಯವರೆಗೆ ಕಾಯುತ್ತದೆ. ಇಂಗ್ಲಿಷಿನಲ್ಲಿಯಾದರೋ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬರುವುದು ವಾಡಿಕೆ. ಆ ವಾಡಿಕೆಯಂತೆ ಓದಿದರೆ ಮಾಸ್ತರರೇ ಆಸ್ಪತ್ರೆಗೆ ಸೇರುತ್ತಾರೆ. ಇದರ ಮೇಲೆ ಕೃದಂತ ವಿಶೇಷಣಕ್ಕೆ ಲಿಂಗಭೇದವಿಲ್ಲ. ‘ಬಂದ ಹುಡುಗ’, ‘ಬಂದ ಹುಡುಗಿ’ ಎರಡರಲ್ಲಿಯೂ ರೂಪ ಒಂದೇ. ‘ನಿಧನರಾದ’ ಎಂಬಲ್ಲಿನ ಗೌರವಸೂಚಕ ‘ರ’ಕಾರವಾದರೂ ಮುಖ್ಯಮಂತ್ರಿಗೂ ನಟಿಗೂ ಸಮನಾಗಿ ಹೊಂದುತ್ತದೆ. ಪದರೂಪವು ನೆರವಿಗೆ ಬಾರದ ಇಂತಹ ಕಡೆ ವಾಕ್ಯರಚನೆಯ ತಿಳಿವಳಿಕೆಯೊಂದೇ ಅರ್ಥವನ್ನು ಕಾಯಬೇಕು. ಶಾಲೆಯಲ್ಲಿ ಕಂಠಪಾಠ ಮಾಡಿ ಮರೆತುಬಿಡುವ ಕೃದಂತದ ಪಾಠಕ್ಕೆ ಬದುಕಿರುವವರನ್ನು ಬದುಕಿರುವವರೆಂದೇ ಹೇಳಿಸುವ ಶಕ್ತಿಯಿದೆ!

ಹೊರನಾಡ ಕನ್ನಡಿಗರಿಗೆ ಸಂಬಂಧಿಸಿದ ಇನ್ನೊಂದು ತೊಡಕೂ ಇದೆ. ಮರಾಠಿ ಮತ್ತು ಕನ್ನಡಗಳ ನಡುವೆ ಶತಮಾನಗಳ ಕೊಡುಕೊಳ್ಳುವಿಕೆ ಇದ್ದರೂ, ಎರಡು ಭಾಷೆಗಳ ನೇರ ಅನುವಾದ ಸಾಮಗ್ರಿಯು ಇಂಗ್ಲಿಷ್ ಜೊತೆಗಿನ ಸಾಮಗ್ರಿಗಿಂತ ಕಡಿಮೆ. ಹೀಗಾಗಿ ಯಂತ್ರವು ಇಂಗ್ಲಿಷನ್ನು ಸೇತುವೆಯಾಗಿ ಬಳಸುವುದುಂಟು. ಮರಾಠಿಯ ‘ತೂ’, ‘ತುಮ್ಹೀ’ಗಳಿಗೆ ಕನ್ನಡದಲ್ಲಿ ‘ನೀನು’, ‘ನೀವು’ ಸಿದ್ಧವಾಗಿಯೇ ಇವೆ. ಆದರೆ ನಡುವಿನ ಇಂಗ್ಲಿಷಿನಲ್ಲಿ ‘ಯೂ’ ಒಂದೇ. ಅಲ್ಲಿ ಅಳಿದುಹೋದ ಗೌರವಭೇದವನ್ನು ಯಂತ್ರ ಕನ್ನಡದಲ್ಲಿ ಊಹಿಸಿ ತುಂಬಬೇಕಾಗುತ್ತದೆ. ಮರಾಠಿಯ ‘ಕಾಕಾ’, ‘ಮಾಮಾ’ಗಳು ‘ಅಂಕಲ್’ ಆಗಿ ಸೇತುವೆ ದಾಟಿದರೆ ಚಿಕ್ಕಪ್ಪನಾರು, ಸೋದರಮಾವನಾರು ಎಂಬುದು ತಿಳಿಯದು. ನೆರೆಯ ಎರಡು ಮನೆಗಳವರು ದೂರದ ಮೂರನೆಯವರ ಮೂಲಕ ಮಾತನಾಡಿದಂತೆ ಇದು.

ಹಾಗೆಂದು ಯಂತ್ರವನ್ನು ತಿರಸ್ಕರಿಸುವುದು ವಿವೇಕವಲ್ಲ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ‘ಸುವಾಸ್’ ಎಂಬ ಅನುವಾದ ತಂತ್ರಾಂಶವನ್ನು ಬಳಕೆಗೆ ತಂದಿತು. ತನ್ನ ಮೊಕದ್ದಮೆಯ ತೀರ್ಪನ್ನು ಸ್ವಂತ ಭಾಷೆಯಲ್ಲಿ ಓದುವ ಅವಕಾಶ ಕಕ್ಷಿದಾರನಿಗೆ ಸಣ್ಣದಲ್ಲ. ಆದರೆ ಅಲ್ಲಿಯೂ ಯಂತ್ರ ಸಿದ್ಧಪಡಿಸಿದ ಕರಡನ್ನು ಅನುವಾದಕರು ಪರಿಶೀಲಿಸುತ್ತಾರೆ. ಅಧಿಕೃತವೆನಿಸುವುದು ಇಂಗ್ಲಿಷ್ ಪಾಠವೇ. ವೇಗವನ್ನು ಯಂತ್ರಕ್ಕೆ ಒಪ್ಪಿಸಬಹುದು, ಹೊಣೆಯನ್ನು ಒಪ್ಪಿಸಲಾಗದು ಎಂಬ ತಿಳಿವಳಿಕೆ ಈ ವ್ಯವಸ್ಥೆಯಲ್ಲಿಯೇ ಅಡಗಿದೆ.

ಅನುವಾದಕನ ದುಡಿಮೆಯಲ್ಲಿ ಆಗಿರುವ ಪಲ್ಲಟವೂ ಇದೇ. ಮೊದಲು ಆತ ಮೂಲವನ್ನು ಓದಿ ಬರೆಯುತ್ತಿದ್ದ. ಈಗ ಯಂತ್ರ ಬರೆದುದನ್ನು ತಿದ್ದುವವನಾಗುತ್ತಿದ್ದಾನೆ. ತಿದ್ದುವಿಕೆಗೆ ಪೂರ್ಣ ಅನುವಾದಕ್ಕಿಂತ ಕಡಿಮೆ ಸಂಭಾವನೆ ಕೊಡುವುದು ಈ ಉದ್ಯಮದ ರೂಢಿ. ಬಹುಪಾಲು ಕೆಲಸ ಮುಗಿದಿದೆ ಎಂಬ ಭಾವನೆಯೇ ಇದಕ್ಕೆ ಆಧಾರ. ಈ ಭಾವನೆ ಪರೀಕ್ಷೆಗೆ ನಿಲ್ಲದು. ತೊಡಕಾದ ವಾಕ್ಯ ತನ್ನ ದೋಷವನ್ನು ತಾನೇ ಸಾರುತ್ತದೆ. ಸರಾಗವಾದ ವಾಕ್ಯ ಅದನ್ನು ಮರೆಮಾಡುತ್ತದೆ. ಕನ್ನಡದಲ್ಲಿ ನಿರರ್ಗಳವಾಗಿರುವ, ಮೂಲಕ್ಕೆ ಮಾತ್ರ ವಿರುದ್ಧವಾಗಿರುವ ವಾಕ್ಯವನ್ನು ಹಿಡಿಯಬೇಕಾದರೆ ಎರಡು ಪಾಠಗಳನ್ನೂ ಸಾಲುಸಾಲಾಗಿ ಹೋಲಿಸಿ ನೋಡಬೇಕು. ಇದಕ್ಕೆ ಬೇಕಾದುದು ಗ್ರಂಥಸಂಪಾದಕನ ತಾಳ್ಮೆ ಮತ್ತು ವೈಯಾಕರಣನ ಕಣ್ಣು.

ಈ ದೃಷ್ಟಿಯಿಂದ ಕನ್ನಡ ವಿಭಾಗಗಳ ಪಠ್ಯಕ್ರಮದಲ್ಲಿ ಎರಡು ಅಂಶಗಳು ಅವಶ್ಯವೆನಿಸುತ್ತವೆ. ಮೊದಲನೆಯದು, ಯಂತ್ರದ ಅನುವಾದವನ್ನು ಮೂಲದೊಡನೆ ಹೋಲಿಸಿ, ತಪ್ಪನ್ನು ಗುರುತಿಸುವುದರ ಜೊತೆಗೆ ಅದರ ವ್ಯಾಕರಣ ಕಾರಣವನ್ನೂ ಹೇಳುವ ಅಭ್ಯಾಸ. ಎರಡನೆಯದು, ನೆರೆಭಾಷೆಯೊಂದರ ಕಲಿಕೆ. ಮುಂಬಯಿಯಲ್ಲಿ ಮರಾಠಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು. ಸೇತುವೆಯಿಲ್ಲದೆ ದಾಟಬಲ್ಲವನ ಕೆಲಸವನ್ನು ಯಂತ್ರ ಸುಲಭವಾಗಿ ಕಸಿಯಲಾರದು. ಇದರೊಡನೆ, ತಿದ್ದಿದವರ ಹೆಸರು ಅನುವಾದದ ಮೇಲೆ ಅಚ್ಚಾಗಬೇಕೆಂದು ಕೇಳುವ ಹಕ್ಕೂ ಆ ವಿದ್ಯಾರ್ಥಿಗಳಿಗಿದೆ. ತಪ್ಪಿಗೆ ಉತ್ತರ ಕೊಡಬೇಕಾದವನ ಹೆಸರು ಓದುಗನಿಗೂ ತಿಳಿದಿರಬೇಕು.