ಹೋಟೆಲಿನ ಇಂಗ್ಲಿಷ್: ಮೆನು ಓದೋದು, ಬಿಲ್ ನೋಡೋದು



ನಮ್ಮ ಗುರುಮಠಕಲ್ ಭಾಗದ ಹೆಣ್ಮಕ್ಕಳಿಗೆ ಮಾತಿನ ಬಡತನ ಇಲ್ಲ. ಮನೆಯಲ್ಲಿ ಕನ್ನಡ, ನಾರಾಯಣಪೇಟೆ ಕಡೆ ಹೋದರೆ ತೆಲುಗು, ಬಜಾರಿನಲ್ಲಿ ಉರ್ದು-ಹಿಂದಿ. ಆದರೂ ತರಬೇತಿಗೋ ಆಸ್ಪತ್ರೆಗೋ ಹೈದರಾಬಾದ್, ಬೆಂಗಳೂರಿಗೆ ಹೋದಾಗ ದೊಡ್ಡ ಹೋಟೆಲಿನ ಬಾಗಿಲಲ್ಲಿ ಹಿಂಜರಿಯುತ್ತೇವೆ. ಹಸಿವು ತಡ್ಕೊಂಡು ಬರೀ ಬಿಸ್ಕತ್ತು ತಿಂದು ಬರುವವರೂ ಇದ್ದಾರೆ. ಅಂಜಿಕೆ ಮಾತಿಂದಲ್ಲ, ಇಂಗ್ಲಿಷಿನಲ್ಲಿ ಬರೆದ ಕಾರ್ಡು ಮತ್ತು ಬಿಲ್ಲಿಂದು. ಹಾಗಾಗಿ ಮೊದಲು ಕನ್ನಡದಲ್ಲೇ ಕೇಳ್ರಿ, ಆಗಲಿಲ್ಲ ಅಂದರೆ ಈ ಇಂಗ್ಲಿಷ್ ಇಟ್ಕೊಳ್ರಿ.

ಕೂತ ಕೂಡಲೇ “ಮೆನು, ಪ್ಲೀಸ್” ಅನ್ನಿ. ಬಲಗಡೆಯ ದರ ಮೊದಲು ನೋಡುವುದರಲ್ಲಿ ನಾಚಿಕೆ ಏನಿಲ್ಲ, ದುಡಿದ ದುಡ್ಡು ನಮ್ಮದು. ‘ಸ್ಟಾರ್ಟರ್ಸ್’ ಅಂದರೆ ಊಟಕ್ಕೆ ಮೊದಲು ತಿನ್ನುವ ಕುರುಕಲು. ಹೊಟ್ಟೆ ತುಂಬಲ್ಲ, ದರ ಮಾತ್ರ ಜಾಸ್ತಿ. ‘ಮೀಲ್ಸ್’ ಅಂದರೆ ಅನ್ನ, ಸಾರು, ಪಲ್ಯ ಇರುವ ಪೂರ್ತಿ ಊಟ. ಬೆರಳಿಟ್ಟು ತೋರಿಸಿ “ವಾಟ್ ಈಸ್ ದಿಸ್?” ಅಂದರೆ ಇದೇನು, “ಹೌ ಮಚ್?” ಅಂದರೆ ಎಷ್ಟು. ಇಬ್ಬರಿಗೆ ಸಾಕಾಗುತ್ತದೋ ಕೇಳಲು “ಇನಫ್ ಫಾರ್ ಟೂ?”. ಮೊಟ್ಟೆ, ಮಾಂಸ ತಿನ್ನದವರು “ಈಸ್ ಇಟ್ ವೆಜ್?” ಅಂತ ಕೇಳದೆ ಆರ್ಡರ್ ಮಾಡಬೇಡಿ. ಖಾರದ ಮಾತು ನಮಗೆ ಬೇಕಿಲ್ಲ, ಮಕ್ಕಳಿದ್ದರೆ “ಲೆಸ್ ಸ್ಪೈಸಿ” ಅನ್ರಿ.

ನೀರಿನ ವಿಷಯದಲ್ಲಿ ಹುಷಾರು. “ವಾಟರ್?” ಅಂತ ಕೇಳಿದವರಿಗೆ ಹ್ಞೂಂ ಅಂದರೆ ಸೀಲ್ ಬಾಟಲಿ ತರುತ್ತಾರೆ, ಅದರ ದುಡ್ಡು ಬಿಲ್ಲಿಗೆ ಬೀಳುತ್ತದೆ. ಬೇಡವಾದರೆ “ರೆಗ್ಯುಲರ್ ವಾಟರ್, ಪ್ಲೀಸ್” ಅನ್ನಿ. ಕೊನೆಗೆ ಬಟ್ಟಲಲ್ಲಿ ಬಿಸಿನೀರು, ನಿಂಬೆ ಹೋಳು ಬಂದರೆ ಕುಡಿಯಬೇಡಿ, ಅದು ಕೈ ತೊಳೆಯಲಿಕ್ಕೆ. ಉಳಿದದ್ದನ್ನು ಕಟ್ಟಿಸಿಕೊಳ್ಳಲು “ಪಾರ್ಸೆಲ್, ಪ್ಲೀಸ್” ಸಾಕು.

ಈಗ “ಬಿಲ್, ಪ್ಲೀಸ್”. ದುಡ್ಡು ಕೊಡುವ ಮೊದಲು ಸಾಲು ಸಾಲಾಗಿ ಓದಿ. ಸಾಮಾನ್ಯ ರೆಸ್ಟೋರೆಂಟಿನಲ್ಲಿ ಜಿಎಸ್‌ಟಿ ಶೇಕಡಾ 5. 400 ರೂಪಾಯಿ ಊಟಕ್ಕೆ 20 ರೂಪಾಯಿ; ಬಿಲ್ಲಿನಲ್ಲಿ ಅದು 10 ಮತ್ತು 10 ಅಂತ ಎರಡು ಸಾಲಿನಲ್ಲಿರುತ್ತದೆ, ಒಂದು ಕೇಂದ್ರಕ್ಕೆ, ಒಂದು ರಾಜ್ಯಕ್ಕೆ. ಎರಡು ಸಲ ಹಾಕಿದ್ದಾರೆಂದು ಜಗಳ ತೆಗೆಯಬೇಡಿ. ತಿನ್ನದ ಪದಾರ್ಥ ಇದ್ದರೆ “ಐ ಡಿಡ್ ನಾಟ್ ಆರ್ಡರ್ ದಿಸ್” ಅನ್ನಿ, ನಾನು ಇದನ್ನ ಹೇಳಿಲ್ಲ ಅಂತ.

‘ಸರ್ವಿಸ್ ಚಾರ್ಜ್’ ಅಂತ ಬೇರೆ ಸಾಲು ಇದ್ದರೆ ಅದು ಸರ್ಕಾರದ ತೆರಿಗೆ ಅಲ್ಲ. ಅದನ್ನು ಬಿಲ್ಲಿಗೆ ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. “ಪ್ಲೀಸ್ ರಿಮೂವ್ ಸರ್ವಿಸ್ ಚಾರ್ಜ್” ಅಂತ ಮೆಲ್ಲಗೆ ಹೇಳಿ. ಒಪ್ಪದಿದ್ದರೆ ಬಿಲ್ ಇಟ್ಟುಕೊಂಡು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಡಿಸಿದ ಹುಡುಗನಿಗೆ ಖುಷಿಯಿಂದ ಹತ್ತು ರೂಪಾಯಿ ಕೊಡುವುದು ಬೇರೆ ಮಾತು, ಅದು ನಿಮ್ಮ ಮನಸ್ಸು.

ಮುಂದಿನ ವಾರದ ಸಭೆಗೆ ಯಾರಾದರೂ ಒಂದು ಹಳೇ ಹೋಟೆಲ್ ಬಿಲ್ ತನ್ನಿ. ಉಳಿತಾಯದ ಪುಸ್ತಕ ಬರೆದಾದ ಮೇಲೆ ಒಬ್ಬರು ಸರ್ವರ್, ಇಬ್ಬರು ಗಿರಾಕಿ ಆಗಿ ಇದನ್ನ ಬಾಯಿಬಿಟ್ಟು ಆಡಿ ನೋಡೋಣ.